ಜಾಸ್ತಿ ಡೇಟಾ ಹಾಕಿದರೂ ಕಕ್ಷೆಯ ತಪ್ಪು ಯಾಕೆ ಕರಗುವುದಿಲ್ಲ?

ಪ್ರಶ್ನೆ: ನ್ಯಾವಿಗೇಶನ್ ಉಪಗ್ರಹಗಳ ಕಕ್ಷೆ ಲೆಕ್ಕ ಹಾಕುವುದನ್ನು ಕಲಿಯುತ್ತಿದ್ದೇನೆ. ಒಂದು ದಿನದ ಡೇಟಾ ಕೊಟ್ಟರೆ ಪ್ರೋಗ್ರಾಂ ಕಕ್ಷೆಯ ನಿಖರತೆ ಕೆಲವೇ ಮಿಲಿಮೀಟರ್ ಎನ್ನುತ್ತದೆ. ಆದರೆ ಲೇಸರ್ ಅಳತೆಯ (ನೆಲದಿಂದ ಲೇಸರ್ ಬೀರಿ, ಅದು ಉಪಗ್ರಹದ ಕನ್ನಡಿಗೆ ತಾಗಿ ಮರಳುವ ಹೊತ್ತಿನಿಂದ ದೂರ ಅಳೆಯುವುದು) ಜೊತೆ ತಾಳೆ ನೋಡಿದರೆ ಸೆಂಟಿಮೀಟರ್‌ಗಟ್ಟಲೆ ವ್ಯತ್ಯಾಸ. ಅದೂ ಅಡ್ಡಾದಿಡ್ಡಿಯಾಗಿಲ್ಲ, ಅಲೆಯ ಹಾಗೆ ಏರಿ ಇಳಿಯುತ್ತದೆ. ವರ್ಷದ ಕೆಲವು ವಾರಗಳಲ್ಲಿ ಅಲೆ ದೊಡ್ಡದಾಗುತ್ತದೆ. 5 ನಿಮಿಷಕ್ಕೊಂದು ಅಳತೆಯ ಬದಲು 30 ಸೆಕೆಂಡಿಗೊಂದು ಹಾಕಿ ನೋಡಿದೆ, ಏನೂ ಬದಲಾಗಲಿಲ್ಲ. ಈ ತಪ್ಪು ಎಲ್ಲಿಂದ ಬರುತ್ತದೆ? ಇದನ್ನು ಕಡಿಮೆ ಮಾಡುವುದು ಹೇಗೆ?

ಉತ್ತರ: ನಿಮ್ಮ ಪ್ರೋಗ್ರಾಂ ಕೆಟ್ಟಿಲ್ಲ. ನಾವು ಅದಕ್ಕೆ ಹೇಳಿಕೊಟ್ಟ ನಂಬಿಕೆ ಸರಿಯಿಲ್ಲ, ಅಷ್ಟೇ. ಒಂದು ಅಳತೆಯ ತಪ್ಪಿಗೂ ಅದರ ಹಿಂದಿನ ಅಳತೆಯ ತಪ್ಪಿಗೂ ಸಂಬಂಧವಿಲ್ಲ ಅಂತ ನಂಬಿಕೊಂಡು ಅದು ಲೆಕ್ಕ ಹಾಕುತ್ತದೆ. ಅದು ನಿಜವಾಗಿದ್ದರೆ ಅಳತೆ ಹೆಚ್ಚಿದಷ್ಟೂ ತಪ್ಪುಗಳು ಒಂದಕ್ಕೊಂದು ಹೊಡೆದುಹೋಗುತ್ತವೆ. ಕಕ್ಷೆಯ ಕೆಲಸದಲ್ಲಿ ಕಾಡುವ ತಪ್ಪುಗಳು ಹಾಗಲ್ಲ. ಈಗ ಹೇಗಿವೆಯೋ ಹತ್ತು ನಿಮಿಷದ ನಂತರವೂ ಹೆಚ್ಚುಕಡಿಮೆ ಹಾಗೇ ಇರುತ್ತವೆ. ತಕ್ಕಡಿಯ ತಟ್ಟೆಗೆ ಮೇಣ ಅಂಟಿಕೊಂಡಿದ್ದರೆ ನೂರು ಸಲ ತೂಗಿದರೂ ಅದೇ ತಪ್ಪು ತೂಕ ಬರುತ್ತದಲ್ಲ, ಹಾಗೆ.

ಇದನ್ನು ಅಂಕಿಯಲ್ಲಿ ನೋಡೋಣ. 30 ಸೆಕೆಂಡಿಗೊಂದರಂತೆ ದಿನಕ್ಕೆ 2880 ಅಳತೆಗಳು. ತಪ್ಪುಗಳೆಲ್ಲ ಬಿಡಿಬಿಡಿಯಾಗಿದ್ದರೆ ಸರಾಸರಿಯ ತಪ್ಪು ಸುಮಾರು 54 ಪಟ್ಟು ಚಿಕ್ಕದಾಗುತ್ತದೆ. ಆದರೆ ತಪ್ಪಿನ ನೆನಪು ಒಂದು ಗಂಟೆ ಉಳಿಯುತ್ತದೆ ಅಂದುಕೊಳ್ಳಿ. ನೆನಪು ಘಾತೀಯವಾಗಿ ಕರಗುತ್ತಿದ್ದರೆ, ಒಟ್ಟು ಸಮಯವನ್ನು ಆ ನೆನಪಿನ ಎರಡು ಪಟ್ಟಿನಿಂದ ಭಾಗಿಸಿದಾಗ ಸಿಗುವಷ್ಟೇ ಅಳತೆಗಳು ನಿಜಕ್ಕೂ ಲೆಕ್ಕಕ್ಕೆ ಬರುತ್ತವೆ. ಅಂದರೆ ಇಡೀ ದಿನಕ್ಕೆ ಬರೀ 12. ತಪ್ಪು ಕಡಿಮೆಯಾಗುವುದು ಮೂರೂವರೆ ಪಟ್ಟು ಮಾತ್ರ. ಪ್ರೋಗ್ರಾಂ ಹೇಳುವ ನಿಖರತೆಗೂ ನಿಜಕ್ಕೂ 15 ಪಟ್ಟು ಅಂತರ ಬಂತು. ನೀವು 5 ನಿಮಿಷದಿಂದ 30 ಸೆಕೆಂಡಿಗೆ ಬಂದಾಗ ಕಾಗದದ ಮೇಲಿನ ನಿಖರತೆ ಮೂರು ಪಟ್ಟು ಚೆನ್ನಾಗಿ ಕಂಡಿರಬೇಕು. ಕಕ್ಷೆ ಮಾತ್ರ ಇದ್ದಲ್ಲೇ ಇದೆ. ಆ 12 ಅಳತೆಗಳನ್ನೇ ನೀವು ಇನ್ನಷ್ಟು ನುಣ್ಣಗೆ ಕತ್ತರಿಸಿದಿರಿ.

ಇನ್ನು ಮೂಲಗಳ ಮಾತು. ಅಳತೆಯಲ್ಲೇ ಇರುವ ತಪ್ಪು ಒಂದು ಬಗೆ. ಉಪಗ್ರಹದ ಮೇಲೆ ಬೀಳುವ ಬಲಗಳನ್ನು ನಾವು ತಪ್ಪಾಗಿ ತಿಳಿದಿರುವುದು ಇನ್ನೊಂದು ಬಗೆ. ಎರಡನೆಯದು ಹೆಚ್ಚು ಕಷ್ಟದ್ದು. ಬಲದ ತಪ್ಪು ನೇರವಾಗಿ ಸ್ಥಾನದಲ್ಲಿ ಕಾಣುವುದಿಲ್ಲ. ಮೊದಲು ವೇಗದಲ್ಲಿ ಸೇರುತ್ತದೆ, ಆಮೇಲೆ ಸ್ಥಾನದಲ್ಲಿ ಸೇರುತ್ತದೆ. ಹಾಗಾಗಿ ಬಲದ ತಪ್ಪು ಪೂರ್ತಿ ಅಡ್ಡಾದಿಡ್ಡಿಯಾಗಿದ್ದರೂ ಸ್ಥಾನದ ತಪ್ಪಿಗೆ ಉದ್ದನೆಯ ನೆನಪು ಇದ್ದೇ ಇರುತ್ತದೆ.

ಕಕ್ಷೆಗೆ ತನ್ನದೇ ಆದ ಸ್ವಭಾವವೂ ಉಂಟು. ಉಪಗ್ರಹವನ್ನು ಸ್ವಲ್ಪ ಕದಲಿಸಿದರೆ ಅದು ತನ್ನ ಮೂಲ ದಾರಿಯ ಸುತ್ತ ಸುತ್ತಿಗೊಂದು ಸಲ ಓಲಾಡುತ್ತದೆ. ಓಟದ ದಿಕ್ಕಿನಲ್ಲಿ ಮುಂದಕ್ಕೆ ತಳ್ಳುತ್ತಲೇ ಇದ್ದರೆ ಮೇಲಕ್ಕೇರಿ, ನಿಧಾನವಾಗಿ, ಕೊನೆಗೆ ಹಿಂದೆ ಬೀಳುತ್ತದೆ. ಮೊದಲ ಸಲ ಕೇಳಿದವರಿಗೆ ಇದು ವಿಚಿತ್ರ ಅನಿಸುತ್ತದೆ, ಆದರೆ ಲೆಕ್ಕ ಸ್ಪಷ್ಟವಾಗಿದೆ. ಇದರಿಂದ ನೆನಪಿಡಬೇಕಾದ ಒಂದು ವಿಷಯ ಇದೆ. ಸುತ್ತಿಗೊಂದು ಸಲ ಬರುವ ಅಲೆ ಕಂಡ ಕೂಡಲೇ ಇಂಥದ್ದೇ ಕಾರಣ ಅಂತ ಹೇಳಲು ಬರುವುದಿಲ್ಲ. ಶುರುವಿನ ಸ್ಥಾನ ಸ್ವಲ್ಪ ತಪ್ಪಿದ್ದರೂ ಅದೇ ಅಲೆ ಬರುತ್ತದೆ. ಗುಟ್ಟು ಇರುವುದು ಅಲೆ ಯಾವಾಗ ದೊಡ್ಡದಾಗುತ್ತದೆ ಎಂಬುದರಲ್ಲಿ. ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬಾ ಮುಖ್ಯವಾಗಿ ಕಂಡದ್ದು "ವರ್ಷದ ಕೆಲವು ವಾರಗಳಲ್ಲಿ" ಎಂಬ ಮಾತು. ಅದು ಸೂರ್ಯನ ಕಡೆಗೆ ಬೆರಳು ತೋರಿಸುತ್ತದೆ.

ಭೂಮಿಯ ದೂರದಲ್ಲಿ ಸೂರ್ಯನ ಬೆಳಕು ಚದರ ಮೀಟರಿಗೆ ಸುಮಾರು 4.56 ಮೈಕ್ರೋನ್ಯೂಟನ್ ಒತ್ತಡ ಹಾಕುತ್ತದೆ. ಇದು ಅತಿ ಚಿಕ್ಕ ಸಂಖ್ಯೆ. ಆದರೆ ಅಗಲವಾದ ಸೌರ ಫಲಕಗಳಿರುವ ಜಿಪಿಎಸ್‌ನಂಥ ಉಪಗ್ರಹಕ್ಕೆ ಅದರಿಂದ ಬರುವ ವೇಗೋತ್ಕರ್ಷ ಪ್ರತಿ ಸೆಕೆಂಡಿನ ವರ್ಗಕ್ಕೆ ಒಂದು ಮೀಟರಿನ ಕೋಟಿಯಲ್ಲೊಂದು ಭಾಗದಷ್ಟು. ಇದರಲ್ಲಿ ನಮ್ಮ ತಿಳಿವಳಿಕೆ ಶೇ. 1ರಷ್ಟು ತಪ್ಪಿದೆ ಅಂದುಕೊಳ್ಳೋಣ. ಅಷ್ಟೇ ಚಿಕ್ಕ ತಪ್ಪು ಓಟದ ದಿಕ್ಕಿನಲ್ಲೇ ಇಡೀ ದಿನ ಉಳಿದರೆ, ಅದನ್ನು ಸರಿಪಡಿಸದೇ ಬಿಟ್ಟರೆ, ದಿನದ ಕೊನೆಗೆ ಉಪಗ್ರಹ 11 ಮೀಟರ್ ಆಚೀಚೆ ಇರುತ್ತದೆ. ಸೂರ್ಯನ ಒತ್ತಡ ಹಾಗೆ ಒಂದೇ ದಿಕ್ಕಿಗೆ ಇರುವುದಿಲ್ಲ, ಸುತ್ತಿನಲ್ಲಿ ಬಹುಪಾಲು ಹೊಡೆದುಹೋಗುತ್ತದೆ ನಿಜ. ಹೊಡೆದುಹೋಗದೆ ಉಳಿಯುವ ಪಾಲೇ ನಮ್ಮ ತಲೆನೋವು.

ಫಲಕಗಳ ಲೆಕ್ಕ ಸುಲಭ. ಅವು ಯಾವಾಗಲೂ ಸೂರ್ಯನ ಕಡೆಗೇ ಮುಖ ಮಾಡಿರುತ್ತವೆ, ಹಾಗಾಗಿ ಬಲ ಹೆಚ್ಚುಕಡಿಮೆ ಒಂದೇ ಸಮ. ಕಷ್ಟ ಕೊಡುವುದು ಉಪಗ್ರಹದ ಪೆಟ್ಟಿಗೆಯಂಥ ಮೈ. ಆಂಟೆನಾ ಇರುವ ಮುಖ ಸದಾ ಭೂಮಿಯ ಕಡೆ ಇರಬೇಕು. ಹಾಗಾಗಿ ಸುತ್ತುತ್ತಾ ಹೋದಂತೆ ಒಮ್ಮೆ ಒಂದು ಮುಖಕ್ಕೆ ಬಿಸಿಲು, ಇನ್ನೊಮ್ಮೆ ಇನ್ನೊಂದು ಮುಖಕ್ಕೆ. ಪೆಟ್ಟಿಗೆ ಘನಾಕಾರದಲ್ಲಿದ್ದರೆ ವ್ಯತ್ಯಾಸ ಚಿಕ್ಕದು. ಉದ್ದನೆಯದಾದರೆ ಬಿಸಿಲು ಬೀಳುವ ಜಾಗ ಸುತ್ತಿಗೆ ಎರಡು ಸಲ ಹಿಗ್ಗಿ ಕುಗ್ಗುತ್ತದೆ. ಯುರೋಪಿನ ನ್ಯಾವಿಗೇಶನ್ ವ್ಯವಸ್ಥೆಯಾದ ಗೆಲಿಲಿಯೊ ಉಪಗ್ರಹಗಳಲ್ಲಿ ಇದು ಎದ್ದು ಕಂಡಿತು. 1990ರ ದಶಕದಲ್ಲಿ ಜಿಪಿಎಸ್‌ಗಾಗಿ ಮಾಡಿದ ಎಕಾಮ್ ಎಂಬ ಸೂರ್ಯನ ಒತ್ತಡದ ಮಾದರಿಯನ್ನು ಹಾಗೇ ಗೆಲಿಲಿಯೊಗೆ ಹಾಕಿದಾಗ ಎತ್ತರದಲ್ಲಿ 20 ಸೆಂಟಿಮೀಟರ್‌ವರೆಗೂ ಅಲೆ ಬಂತು. ಪೆಟ್ಟಿಗೆಯ ಆಕಾರವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಾಗ ಆ ಅಲೆ ಬಹಳ ಮಟ್ಟಿಗೆ ಇಳಿಯಿತು. 2015ರಲ್ಲಿ ಬಂದ ಎಕಾಮ್-2ರಲ್ಲಿ ಸೂರ್ಯನ ದಿಕ್ಕಿನ ಬಲಕ್ಕೆ ಸುತ್ತಿಗೆ ಎರಡು ಸಲ, ನಾಲ್ಕು ಸಲ ಬದಲಾಗುವ ಪದಗಳನ್ನು ಸೇರಿಸಿದ್ದು ಇದೇ ಕಾರಣಕ್ಕೆ.

ಕಕ್ಷೆಯ ಸಮತಲಕ್ಕೂ ಸೂರ್ಯನ ದಿಕ್ಕಿಗೂ ನಡುವಿನ ಕೋನವನ್ನು ಬೀಟಾ ಎನ್ನುತ್ತಾರೆ. ಬೀಟಾ ದೊಡ್ಡದಿದ್ದಾಗ ಸೂರ್ಯ ಒಂದು ಪಕ್ಕದಿಂದಲೇ ಬೆಳಗುತ್ತಾನೆ, ಸುತ್ತಿನುದ್ದಕ್ಕೂ ಬಿಸಿಲು ಬೀಳುವ ಮುಖ ಹೆಚ್ಚು ಬದಲಾಗುವುದಿಲ್ಲ. ಬೀಟಾ ಸೊನ್ನೆಯ ಹತ್ತಿರ ಬಂದಾಗ ಮುಂದೆ, ಪಕ್ಕ, ಹಿಂದೆ ಹೀಗೆ ಬೇರೆ ಬೇರೆ ಮುಖಗಳು ಸರದಿಯಲ್ಲಿ ಬೆಳಗುತ್ತವೆ. ಮಾದರಿಯ ಹುಳುಕು ಹೊರಬರುವುದು ಆಗ. ಜಿಪಿಎಸ್‌ನಲ್ಲಿ ಬೀಟಾ ಸುಮಾರು 14 ಡಿಗ್ರಿಗಿಂತ ಕೆಳಗೆ ಬಂದರೆ ಉಪಗ್ರಹ ಪ್ರತಿ ಸುತ್ತಿನಲ್ಲೂ ಭೂಮಿಯ ನೆರಳಿಗೆ ಹೋಗುತ್ತದೆ. ಜಾಸ್ತಿ ಅಂದರೆ ಸುಮಾರು 55 ನಿಮಿಷ ಕತ್ತಲು. ಬೆಳಕಿನ ಒತ್ತಡ ಥಟ್ಟನೆ ನಿಲ್ಲುತ್ತದೆ, ಮತ್ತೆ ಥಟ್ಟನೆ ಶುರುವಾಗುತ್ತದೆ. ಮೈ ತಣ್ಣಗಾಗುತ್ತದೆ, ಹೊರಬಿಡುವ ಶಾಖ ಬದಲಾಗುತ್ತದೆ, ಆ ಶಾಖವೂ ಒಂದು ಸಣ್ಣ ತಳ್ಳುವಿಕೆಯೇ. ಜೊತೆಗೆ ಸೂರ್ಯನಿಗೂ ಭೂಮಿಗೂ ನೇರ ಸಾಲಿನಲ್ಲಿ ಬಂದಾಗ ಉಪಗ್ರಹ ತನ್ನ ಅಕ್ಷದ ಸುತ್ತ ಬೇಗ ತಿರುಗಬೇಕು. ಅಷ್ಟು ಬೇಗ ತಿರುಗಲು ಅದಕ್ಕೆ ಆಗುವುದಿಲ್ಲ. ನೀವು ಅಂದುಕೊಂಡ ದಿಕ್ಕು ಬೇರೆ, ಅದು ನಿಂತ ದಿಕ್ಕು ಬೇರೆ. ಆಂಟೆನಾ ಉಪಗ್ರಹದ ನಡುಮಧ್ಯದಲ್ಲಿಲ್ಲದಿದ್ದರೆ ಈ ತಿರುವಿನ ತಪ್ಪು ನೇರವಾಗಿ ಅಳತೆಗೂ ಬರುತ್ತದೆ. ಜಿಪಿಎಸ್‌ನ 2ಎ ತಲೆಮಾರಿನಲ್ಲಿ ಈ ಪಕ್ಕದ ಅಂತರ ಸುಮಾರು 28 ಸೆಂಟಿಮೀಟರ್ ಇತ್ತು.

ಜಿಪಿಎಸ್ ಕಕ್ಷೆಯ ಸಮತಲ ವರ್ಷಕ್ಕೆ 14 ಡಿಗ್ರಿಯಷ್ಟು ಹಿಂದಕ್ಕೆ ಸರಿಯುತ್ತದೆ. ಹೀಗಾಗಿ ಸೂರ್ಯ ಮತ್ತು ಕಕ್ಷೆಯ ಜೋಡಣೆ ಮರುಕಳಿಸುವುದು 365 ದಿನಕ್ಕಲ್ಲ, ಸುಮಾರು 351 ದಿನಕ್ಕೆ. ಇದಕ್ಕೆ ಡ್ರಾಕೊನಿಟಿಕ್ ವರ್ಷ ಎನ್ನುತ್ತಾರೆ. ನೆಲದ ಮೇಲಿನ ಜಿಪಿಎಸ್ ಕೇಂದ್ರಗಳ ಸ್ಥಾನಗಳಲ್ಲೂ ಇದೇ ಅವಧಿಯ ಏರಿಳಿತ ಮತ್ತು ಅದರ ಅರ್ಧ, ಮೂರನೇ ಒಂದು, ಹೀಗೆ ಹಲವು ಭಾಗಗಳು ಕಂಡುಬಂದಿವೆ. ನೆಲ 351 ದಿನಕ್ಕೊಮ್ಮೆ ಉಸಿರಾಡಲು ಭೂಮಿಯಲ್ಲಿ ಯಾವ ಕಾರಣವೂ ಇಲ್ಲ, ಅಲ್ವಾ? ಹಾಗಾಗಿ ಕಕ್ಷೆಯ ತಪ್ಪು ನೆಲದವರೆಗೂ ಇಳಿದು ಬಂದಿರುವ ಸಾಧ್ಯತೆಯೇ ಹೆಚ್ಚು. ಒಂದು ತೊಡಕು ಇದೆ. 351 ದಿನದ ಅಲೆಯನ್ನೂ ಋತುಮಾನದ 365 ದಿನದ ಅಲೆಯನ್ನೂ ಪೂರ್ತಿ ಬಿಡಿಸಲು ಸುಮಾರು 25 ವರ್ಷದ ಡೇಟಾ ಬೇಕು. ಆರನೇ ಒಂದು ಭಾಗದ ಅಲೆಗಳನ್ನು ನೋಡಿದರೆ ನಾಲ್ಕು ವರ್ಷ ಸಾಕು. ಅದಕ್ಕೇ ಚಿಕ್ಕ ಅವಧಿಯ ಅಲೆಗಳಲ್ಲಿ ಮೊದಲು ಹುಡುಕಿ ಅಂತ ಹೇಳುವುದು.

ಸೂರ್ಯನ ನೇರ ಬೆಳಕಿನ ಜೊತೆ ಇನ್ನೆರಡು ಚಿಕ್ಕ ತಳ್ಳುವಿಕೆಗಳಿವೆ. ಭೂಮಿಯಿಂದ ಮರಳಿ ಬರುವ ಬೆಳಕು ಮತ್ತು ಶಾಖ ಒಂದು. ಉಪಗ್ರಹ ತಾನೇ ಸಿಗ್ನಲ್ ಕಳಿಸುವಾಗ ಆಗುವ ಹಿಮ್ಮೊಗ ತಳ್ಳುವಿಕೆ ಇನ್ನೊಂದು. ಎರಡೂ ಉಪಗ್ರಹವನ್ನು ಭೂಮಿಯಿಂದ ಹೊರಕ್ಕೆ ತಳ್ಳುತ್ತವೆ, ಎರಡೂ ತಲಾ ಒಂದೆರಡು ಸೆಂಟಿಮೀಟರ್ ಎತ್ತರದ ತಪ್ಪು ಕೊಡುತ್ತವೆ. ಸುತ್ತಿನ ಅವಧಿ ನಮಗೆ ಅತಿ ನಿಖರವಾಗಿ ಗೊತ್ತು, ಭೂಮಿಯ ಸೆಳೆತವೂ ಗೊತ್ತು. ಹೊರಕ್ಕೆ ತಳ್ಳುವ ಬಲವನ್ನು ಮರೆತರೆ ಲೆಕ್ಕ ಕಕ್ಷೆಯ ಗಾತ್ರವನ್ನೇ ದೊಡ್ಡದು ಮಾಡಿ ಸರಿದೂಗಿಸಿಕೊಳ್ಳುತ್ತದೆ. ಲೇಸರ್ ಕನ್ನಡಿ ಇದ್ದ ಎರಡು ಹಳೆಯ ಜಿಪಿಎಸ್ ಉಪಗ್ರಹಗಳಲ್ಲಿ ಲೇಸರ್ ದೂರ ಬಹಳ ವರ್ಷ ಸುಮಾರು 5 ಸೆಂಟಿಮೀಟರ್ ಕಡಿಮೆ ಬರುತ್ತಿತ್ತು. ಅದರ ದೊಡ್ಡ ಪಾಲು ಈ ಎರಡು ಬಲಗಳಿಂದ ಬಿಡಿಸಿಕೊಂಡಿತು. ಇದು ಅಲೆಯಾಗಿ ಅಲ್ಲ, ಬಹುಮಟ್ಟಿಗೆ ಒಂದೇ ಸಮನಾದ ಜರುಗುವಿಕೆಯಾಗಿ ಕಾಣುತ್ತದೆ. ನಿಮ್ಮ ಲೇಸರ್ ವ್ಯತ್ಯಾಸದ ಸರಾಸರಿ ಸೊನ್ನೆ ಇಲ್ಲದಿದ್ದರೆ ಮೊದಲು ಇವೆರಡನ್ನು ಹಾಕಿದ್ದೀರಾ ನೋಡಿ.

ಗಡಿಯಾರದ ವಿಷಯಕ್ಕೆ ಬರುತ್ತೇನೆ. ರೇಡಿಯೊ ಅಳತೆಯಲ್ಲಿ ದೂರ ಸಿಗುವುದು ಉಪಗ್ರಹದ ಗಡಿಯಾರ ಹೇಳುವ ಸಮಯದಿಂದ. ಇಲ್ಲೇ ಬಹಳಷ್ಟು ತಪ್ಪು ಅಡಗಿ ಕೂರುತ್ತದೆ. ನೆಲದ ಕೇಂದ್ರಗಳಿಂದ ನೋಡಿದರೆ ಇಷ್ಟು ಎತ್ತರದ ಉಪಗ್ರಹ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ದಿಕ್ಕಿನಲ್ಲಿ ಕಾಣುತ್ತದೆ. ನೋಟದ ಗೆರೆ ಎತ್ತರದ ದಿಕ್ಕಿನಿಂದ 14 ಡಿಗ್ರಿಗಿಂತ ಜಾಸ್ತಿ ವಾಲುವುದಿಲ್ಲ. ಹಾಗಾಗಿ ಉಪಗ್ರಹ 10 ಸೆಂಟಿಮೀಟರ್ ಮೇಲಿದೆಯೋ, ಅದರ ಗಡಿಯಾರ ಅಷ್ಟು ದೂರಕ್ಕೆ ಸಮನಾದ ಮೂರನೇ ಒಂದು ನ್ಯಾನೋಸೆಕೆಂಡ್ ತಪ್ಪಿದೆಯೋ, ರೇಡಿಯೊ ಅಳತೆಗೆ ಸುಲಭವಾಗಿ ಗೊತ್ತಾಗುವುದಿಲ್ಲ. ಪ್ರತಿ ಕ್ಷಣಕ್ಕೂ ಗಡಿಯಾರವನ್ನು ಹೊಸದಾಗಿ ಅಂದಾಜು ಮಾಡುತ್ತಿದ್ದರೆ ಕಕ್ಷೆಯ ಅಲೆಯನ್ನು ಅದು ಸುಮ್ನೆ ನುಂಗಿಬಿಡುತ್ತದೆ. ಉಳಿಕೆ ತಪ್ಪುಗಳು, ಅಂದರೆ ಅಳತೆಗೂ ಲೆಕ್ಕಕ್ಕೂ ಕೊನೆಗೆ ಉಳಿಯುವ ವ್ಯತ್ಯಾಸಗಳು, ಚೊಕ್ಕವಾಗಿ ಕಾಣುತ್ತವೆ. ನಿಮಗೆ ಲೇಸರ್ ಹಾಕಿದಾಗ ಮಾತ್ರ ಅಲೆ ಕಂಡದ್ದು ಇದಕ್ಕೇ, ಲೇಸರ್‌ಗೆ ಉಪಗ್ರಹದ ಗಡಿಯಾರ ಬೇಕಾಗಿಲ್ಲ.

ಗಡಿಯಾರ ಒಳ್ಳೆಯದಿದ್ದರೆ ಇದೇ ತೊಂದರೆ ಒಂದು ಉಪಕಾರವಾಗುತ್ತದೆ. ಗೆಲಿಲಿಯೊದ ಹೈಡ್ರೋಜನ್ ಮೇಸರ್ ಎಂಬ ಪರಮಾಣು ಗಡಿಯಾರ ದಿನದೊಳಗೆ ಅಷ್ಟು ನೆಟ್ಟಗೆ ಓಡುತ್ತದೆ ಎಂದರೆ, ಅದರಲ್ಲಿ ಸುತ್ತಿಗೊಂದು ಸಲದ ಅಲೆ ಕಂಡರೆ ಅದು ಗಡಿಯಾರದ್ದಲ್ಲ, ಕಕ್ಷೆಯದ್ದು ಅಂತ ಧೈರ್ಯವಾಗಿ ಅನುಮಾನಿಸಬಹುದು. 2014ರ ಆಗಸ್ಟ್‌ನಲ್ಲಿ ಎರಡು ಗೆಲಿಲಿಯೊ ಉಪಗ್ರಹಗಳು ತಪ್ಪು ಕಕ್ಷೆಗೆ ಹೋದವು. ಆಮೇಲೆ ಸರಿಪಡಿಸಿದರೂ ಅವುಗಳ ಕಕ್ಷೆ ಉದ್ದುದ್ದವಾಗಿಯೇ ಉಳಿಯಿತು. ಏರಿ ಇಳಿಯುವಾಗ ಗಡಿಯಾರದ ವೇಗ ಬದಲಾಗುವುದನ್ನು ಅಳೆದು ಐನ್‌ಸ್ಟೈನ್‌ನ ಸಿದ್ಧಾಂತವನ್ನು ಪರೀಕ್ಷಿಸಲು ವಿಜ್ಞಾನಿಗಳು ಅವನ್ನು ಬಳಸಿಕೊಂಡರು, 2018ರಲ್ಲಿ ಎರಡು ತಂಡಗಳ ಫಲಿತಾಂಶ ಬಂತು. ಆ ಕೆಲಸದಲ್ಲೂ ಹೆದರಿಸಿದ್ದು ಇದೇ ಸೂರ್ಯನ ಒತ್ತಡದ ತಪ್ಪು. ಅದೂ ಸುತ್ತಿಗೊಂದು ಸಲ, ಇವರು ಹುಡುಕುತ್ತಿದ್ದ ಪರಿಣಾಮವೂ ಸುತ್ತಿಗೊಂದು ಸಲ. ಎರಡನ್ನೂ ಬಿಡಿಸಲು ಲೇಸರ್ ಅಳತೆ ಮತ್ತು ಉದ್ದನೆಯ ಕಾಲ ಎರಡೂ ಬೇಕಾದವು. ಸೂರ್ಯನ ದಿಕ್ಕು ವರ್ಷದುದ್ದಕ್ಕೂ ಸುತ್ತಿ ಬರುತ್ತದೆ, ಕಕ್ಷೆಯ ಭೂಮಿಗೆ ಹತ್ತಿರದ ಬಿಂದು ಹಾಗೆ ಸೂರ್ಯನ ಹಿಂದೆ ಹೋಗುವುದಿಲ್ಲ.

ಗಡಿಯಾರವಲ್ಲದ್ದು ಗಡಿಯಾರದಂತೆ ಕಾಣುವುದೂ ಉಂಟು. ಜಿಪಿಎಸ್‌ನ 2ಎಫ್ ಉಪಗ್ರಹಗಳಲ್ಲಿ ಬಿಸಿಲು ನೆರಳಿನ ಜೊತೆ ಒಳಗಿನ ಉಷ್ಣತೆ ಬದಲಾಗಿ, ಬೇರೆ ಬೇರೆ ಕಂಪನಾಂಕದ ಸಿಗ್ನಲ್‌ಗಳ ನಡುವಿನ ವಿಳಂಬ ಏರಿಳಿಯುವುದು ಕಂಡುಬಂದಿದೆ. ಯಾವ ಎರಡು ಸಿಗ್ನಲ್ ಜೋಡಿಸುತ್ತೀರಿ ಎಂಬುದರ ಮೇಲೆ ಗಡಿಯಾರವೇ ಬೇರೆಯಾಗಿ ಕಾಣುತ್ತದೆ. ಇದರ ಅವಧಿಯೂ 12 ಗಂಟೆ ಮತ್ತು ಅದರ ಭಾಗಗಳು.

ನೆಲದ ಕಡೆಯ ಮೂಲಗಳನ್ನು ಬೇಗ ಹೇಳುತ್ತೇನೆ, ಅವುಗಳ ಬಗ್ಗೆ ಎಲ್ಲ ಪಠ್ಯಗಳಲ್ಲೂ ಸಿಗುತ್ತದೆ. ಗಾಳಿಯ ಪದರ ಸಮುದ್ರಮಟ್ಟದಲ್ಲಿ ನೆತ್ತಿಯ ದಿಕ್ಕಿನ ಸಿಗ್ನಲನ್ನು ಸುಮಾರು 2.3 ಮೀಟರ್ ತಡ ಮಾಡುತ್ತದೆ, ತೇವಾಂಶದ ಪಾಲು ಗಂಟೆಗಳ ಲೆಕ್ಕದಲ್ಲಿ ಬದಲಾಗುತ್ತದೆ. ಸುತ್ತಲಿನ ಗೋಡೆ, ಛಾವಣಿಗಳಿಂದ ಪುಟಿದು ಬರುವ ಸಿಗ್ನಲ್ ಇನ್ನೂ ಹಟದ್ದು. ಜಿಪಿಎಸ್ ಉಪಗ್ರಹ 23 ಗಂಟೆ 56 ನಿಮಿಷಕ್ಕೊಮ್ಮೆ ಆಕಾಶದ ಅದೇ ದಾರಿಯಲ್ಲಿ ಬರುವುದರಿಂದ ಪುಟಿದ ಸಿಗ್ನಲಿನ ತಪ್ಪೂ ಪ್ರತಿದಿನ 4 ನಿಮಿಷ ಮೊದಲು ಅದೇ ರೂಪದಲ್ಲಿ ಬರುತ್ತದೆ. ಗೆಲಿಲಿಯೊಗೆ ಈ ಮರುಕಳಿಕೆ 10 ದಿನಕ್ಕೊಮ್ಮೆ, ರಷ್ಯಾದ ಗ್ಲೊನಾಸ್‌ಗೆ 8 ದಿನಕ್ಕೊಮ್ಮೆ. ಚೀನಾದ ಬೈದು ಮತ್ತು ಭಾರತದ ನಾವಿಕ್‌ನ ಭೂಸ್ಥಿರ ಉಪಗ್ರಹಗಳಂತೂ ಕೇಂದ್ರದಿಂದ ನೋಡಿದರೆ ಅಲ್ಲಾಡುವುದೇ ಕಡಿಮೆ. ಅಲ್ಲಿ ಪುಟಿದ ಸಿಗ್ನಲಿನ ತಪ್ಪು ದಿನಗಟ್ಟಲೆ ಹಾಗೇ ಕೂತಿರುತ್ತದೆ. ಸಿಗ್ನಲನ್ನು ಹೊತ್ತು ತರುವ ಕ್ಯಾರಿಯರ್ ಅಲೆಯ ಪೂರ್ಣ ಸುತ್ತುಗಳ ಎಣಿಕೆಯನ್ನು ತಪ್ಪಾಗಿ ನಿಗದಿ ಮಾಡಿದರೆ ಆ ಉಪಗ್ರಹ ಕಾಣುವಷ್ಟು ಹೊತ್ತೂ ಒಂದೇ ತಪ್ಪು ಉಳಿಯುತ್ತದೆ.

ನೆಲದ ಉಬ್ಬರವಿಳಿತದ ಬಗ್ಗೆ ಒಂದು ಎಚ್ಚರಿಕೆ. ಸಾಗರದ ಭಾರದಿಂದ ಕೇಂದ್ರಗಳು ಮೇಲೆ ಕೆಳಗೆ ಆಡುತ್ತವೆ. ಅದರಲ್ಲಿ ದೊಡ್ಡ ಪಾಲಿನ ಅವಧಿ 12 ಗಂಟೆ 25 ನಿಮಿಷ. ಇದರ ಮಾದರಿ ಸ್ವಲ್ಪ ತಪ್ಪಿದ್ದು, ನೀವು 24 ಗಂಟೆಯ ತುಂಡುಗಳಲ್ಲಿ ಲೆಕ್ಕ ಮಾಡಿದರೆ, ಅದು 14.8 ದಿನದ ಅಲೆಯ ವೇಷದಲ್ಲಿ ಬರುತ್ತದೆ. ಭೂಮಿಯ ತಿರುಗುವಿಕೆಯಲ್ಲಿ ದಿನದೊಳಗೆ ಆಗುವ ಸಣ್ಣ ಬದಲಾವಣೆಗಳದ್ದೂ ಇದೇ ಕಥೆ. ಅವುಗಳ ಅವಧಿಯೂ 12 ಮತ್ತು 24 ಗಂಟೆಯ ಆಸುಪಾಸು, ಜಿಪಿಎಸ್ ಸುತ್ತಿನ ಅವಧಿಯೂ 12 ಗಂಟೆಗೆ 2 ನಿಮಿಷ ಕಡಿಮೆ. ಒಂದರ ತಪ್ಪು ಇನ್ನೊಂದರೊಳಗೆ ಸಲೀಸಾಗಿ ಸೇರಿಕೊಳ್ಳುತ್ತದೆ.

ಈಗ ನೀವು ಏನು ಮಾಡಬೇಕು. ಮೊದಲು ಎರಡು ದಿನಗಳ ಕಕ್ಷೆ ಕೂಡುವ ಜಾಗದಲ್ಲಿ ವ್ಯತ್ಯಾಸ ನೋಡಿ ತೃಪ್ತಿಪಡುವುದನ್ನು ಬಿಡಿ. ಎರಡೂ ದಿನ ಒಂದೇ ತಪ್ಪು ಮಾದರಿ ಬಳಸಿದ್ದರೆ ಎರಡೂ ಕಕ್ಷೆಗಳು ಒಂದೇ ಕಡೆಗೆ ತಪ್ಪುತ್ತವೆ, ವ್ಯತ್ಯಾಸ ಚಿಕ್ಕದಾಗಿಯೇ ಕಾಣುತ್ತದೆ. ನಿಮ್ಮಂಥದ್ದೇ ಮಾದರಿ ಬಳಸುವ ಇನ್ನೊಂದು ಸಂಸ್ಥೆಯ ಕಕ್ಷೆಯ ಜೊತೆ ಹೋಲಿಸಿದರೂ ಅಷ್ಟೇ. ಸ್ವತಂತ್ರ ಸಾಕ್ಷಿ ಬೇಕು. ಅದು ಲೇಸರ್, ಇಲ್ಲದಿದ್ದರೆ ಒಳ್ಳೆಯ ಗಡಿಯಾರ.

ಆಮೇಲೆ ಒಂದು ಚಿತ್ರ ಬರೆಯಿರಿ. ಒಂದು ವರ್ಷದ ಲೇಸರ್ ವ್ಯತ್ಯಾಸಗಳನ್ನು ಕಾಲದ ಮೇಲೆ ಹಾಕಬೇಡಿ. ಅಡ್ಡಕ್ಕೆ ಕಕ್ಷೆಯಲ್ಲಿ ಸೂರ್ಯನಿಂದ ಎಣಿಸಿದ ಕೋನ, ಉದ್ದಕ್ಕೆ ಬೀಟಾ, ಬಣ್ಣದಲ್ಲಿ ವ್ಯತ್ಯಾಸ. ಸೂರ್ಯನ ಒತ್ತಡದ ತಪ್ಪಾದರೆ ಬೀಟಾ ಚಿಕ್ಕದಿರುವ ಪಟ್ಟಿಯಲ್ಲಿ ಅಚ್ಚುಕಟ್ಟಾದ ಕೆಂಪು ನೀಲಿ ಮಚ್ಚೆಗಳು ಮೂಡುತ್ತವೆ. ನೆರಳಿನ ತೊಂದರೆಯಾದರೆ ನೆರಳು ಮುಗಿಯುವ ಕೋನದ ಹತ್ತಿರ ಮಾತ್ರ ಗುರುತು ಕಾಣುತ್ತದೆ. ಇಡೀ ಚಿತ್ರಕ್ಕೆ ಒಂದೇ ಬಣ್ಣ ಬಂದರೆ ಭೂಮಿಯ ಬೆಳಕು, ಆಂಟೆನಾ ತಳ್ಳುವಿಕೆ ಅಥವಾ ಆಂಟೆನಾದ ಅಂತರದ ಕಡೆ ನೋಡಿ. ಏನೂ ರೂಪ ಇಲ್ಲದಿದ್ದರೆ ನೆಲದ ಕಡೆ ಹುಡುಕಿ.

ಸೂರ್ಯನ ಒತ್ತಡವೇ ಅಂತ ಗೊತ್ತಾದರೆ, ಉಪಗ್ರಹದ ಅಳತೆ, ಮೇಲ್ಮೈಯ ಗುಣಗಳಿಂದ ಪೆಟ್ಟಿಗೆ ಮತ್ತು ರೆಕ್ಕೆಗಳ (ಅಂದರೆ ಫಲಕಗಳ) ಮಾದರಿ ಮಾಡಿ ಅದನ್ನು ಆಧಾರವಾಗಿಡಿ. ಗೆಲಿಲಿಯೊಗೆ ಈ ಮಾಹಿತಿಯನ್ನು ವ್ಯವಸ್ಥೆಯವರೇ ಪ್ರಕಟಿಸಿದ್ದಾರೆ. ಅದರ ಮೇಲೆ ಅಂದಾಜು ಮಾಡುವ ಅಂಶಗಳನ್ನು ಕೆಲವೇ ಕೆಲವು ಸೇರಿಸಿ. ಇಲ್ಲಿ ಆಸೆಪಡಬೇಡಿ ಅಂತ ಒತ್ತಿ ಹೇಳುತ್ತೇನೆ. ಅಂಶಗಳು ಹೆಚ್ಚಾದಂತೆ ಉಳಿಕೆ ತಪ್ಪು ಇಳಿಯುತ್ತಲೇ ಹೋಗುತ್ತದೆ, ಖುಷಿಯಾಗುತ್ತದೆ. ಆದರೆ ಅದೇ ಅಂಶಗಳು ಭೂಮಿಯ ದ್ರವ್ಯಕೇಂದ್ರದ ಉತ್ತರ ದಕ್ಷಿಣ ಚಲನೆ, ದಿನದ ಉದ್ದ ಇವುಗಳ ಜೊತೆ ಬೆರೆತುಹೋಗುತ್ತವೆ. ತಪ್ಪು ಹೋಗಿರುವುದಿಲ್ಲ, ಬೇರೆ ಕಡೆ ಸ್ಥಳಾಂತರವಾಗಿರುತ್ತದೆ, ಅಲ್ಲಿ ಅದನ್ನು ಹಿಡಿಯುವುದು ಇನ್ನೂ ಕಷ್ಟ.

ಹೊಸ ಅಳತೆ ಬಂದ ಹಾಗೆ ಅಂದಾಜನ್ನು ತಿದ್ದುತ್ತಾ ಹೋಗುವ ಫಿಲ್ಟರ್ ಬಳಸುತ್ತಿದ್ದರೆ, ಉಳಿದ ಬಲದ ತಪ್ಪನ್ನು ಗೌಸ್-ಮಾರ್ಕೊವ್ ಪ್ರಕ್ರಿಯೆಯಾಗಿ, ಅಂದರೆ ನೆನಪು ಘಾತೀಯವಾಗಿ ಕರಗುವ ಯಾದೃಚ್ಛಿಕ ತಪ್ಪಾಗಿ ಸೇರಿಸಿ. ನೆನಪಿನ ಅವಧಿಯನ್ನು ಊಹಿಸಬೇಡಿ. ಉಳಿಕೆಗಳ ಸ್ವಸಂಬಂಧದ (ಈಗಿನ ತಪ್ಪು ಸ್ವಲ್ಪ ಹೊತ್ತಿನ ನಂತರದ ತಪ್ಪನ್ನು ಎಷ್ಟು ಹೋಲುತ್ತದೆ ಎಂಬುದರ) ರೇಖೆ ಬಿಡಿಸಿ, ಅದು ಎಷ್ಟು ಹೊತ್ತಿಗೆ ಇಳಿಯುತ್ತದೆ ನೋಡಿ ಅಲ್ಲಿಂದ ಶುರು ಮಾಡಿ. ಆದರೆ ಗಡಿಯಾರ ನುಂಗಿದ ಅಲೆ ಆ ಉಳಿಕೆಗಳಲ್ಲಿ ಇರುವುದಿಲ್ಲ, ಅದಕ್ಕೆ ಗಡಿಯಾರದ ಅಂದಾಜುಗಳ ರೇಖೆಯನ್ನೂ ಬಿಡಿಸಬೇಕು. ದಿನದ ತುಂಡುಗಳಲ್ಲಿ ಲೆಕ್ಕ ಮಾಡುವವರಾದರೆ 12 ಗಂಟೆಗೊಮ್ಮೆ ವೇಗಕ್ಕೆ ಸಣ್ಣ ತಿದ್ದುಪಡಿ ಕೊಡುವ ರೂಢಿ ಇದೆ, ಬಿಗಿ ಮಿತಿಯೊಳಗೆ ಇಟ್ಟರೆ ಅದೂ ಕೆಲಸ ಮಾಡುತ್ತದೆ. ಪ್ರೋಗ್ರಾಂ ಕೊಡುವ ಮಿಲಿಮೀಟರ್ ನಿಖರತೆಯನ್ನು ಎಲ್ಲಿಯೂ ಹಾಗೇ ಬರೆಯಬೇಡಿ. ಹೋಲಿಕೆಗೆ ಒಂದು ಅಂಕಿ ಬೇಕಿದ್ದರೆ, 1994ರಿಂದ ಕೆಲಸ ಮಾಡುತ್ತಿರುವ ಅಂತರರಾಷ್ಟ್ರೀಯ ಜಿಎನ್‌ಎಸ್‌ಎಸ್ (ನ್ಯಾವಿಗೇಶನ್ ಉಪಗ್ರಹ ವ್ಯವಸ್ಥೆಗಳ) ಸೇವೆ ಹಲವು ಕೇಂದ್ರಗಳ ಲೆಕ್ಕ ಸೇರಿಸಿ ಕೊಡುವ ಅಂತಿಮ ಜಿಪಿಎಸ್ ಕಕ್ಷೆಗೇ ಸುಮಾರು 2.5 ಸೆಂಟಿಮೀಟರ್ ನಿಖರತೆ ಹೇಳುತ್ತದೆ. ನಿಮ್ಮ ಒಂದು ದಿನದ ಲೆಕ್ಕ ಅದಕ್ಕಿಂತ ಹತ್ತು ಪಟ್ಟು ಚೆನ್ನಾಗಿದೆ ಅಂತ ತೆರೆಯ ಮೇಲೆ ಬಂದರೆ, ಬಿಟ್ಟುಹೋದ ಸ್ವಸಂಬಂಧ ಎಷ್ಟು ಅಂತ ಮೇಲಿನ 12 ಮತ್ತು 2880ರ ಲೆಕ್ಕದಿಂದಲೇ ಅಂದಾಜು ಮಾಡಬಹುದು.